ಯಾವ ಕ್ಲಾಸ್ ಬಿಡೋದು?

ಡಿಸೆಂಬರ್‌ನಲ್ಲಿ ನಮ್ಮ ಸೋಮವಾರಪೇಟೆ ಕಡೆ ಯಾರನ್ನು ಮಾತಾಡಿಸಿದರೂ ಒಂದೇ ವಿಷಯ. ಅರೇಬಿಕಾ ಎಷ್ಟು ಹಣ್ಣಾಯಿತು, ಆಳು ಸಿಕ್ಕರಾ, ಮೋಡ ಕಟ್ಟಿದೆಯಲ್ಲ, ಮಳೆ ಬಂದರೆ ಕಣದಲ್ಲಿ ಹರಡಿರುವ ಕಾಫಿಯ ಗತಿ ಏನು. ಈ ಸಲ ತಂಗಿ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ತಲೆನೋವೂ ಸೇರಿಕೊಂಡಿತು. ಅವಳ ಮಗಳು ಪುಟ್ಟಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಕ್ಲಾಸನ್ನು ಬಿಡಬೇಕೋ ಬೇಡವೋ?

ಪುಟ್ಟಿ ಇಲ್ಲೇ ಪಿಯುಸಿ ಮುಗಿಸಿ ಹೋದವಳು. ಈಗ ಓದುತ್ತಿರುವುದು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ. ಹೀಗಂದರೆ ಊರಿನವರು "ಓ, ಅಲ್ಲಿನ ಪಿಯುಸಿನಾ?" ಅಂತಾರೆ. ಅಲ್ಲ. ಡಿಗ್ರಿಯ ಮೊದಲ ಎರಡು ವರ್ಷವನ್ನು ಅಲ್ಲಿ ಓದಿ, ಮೂರನೇ ವರ್ಷಕ್ಕೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗುವ ದಾರಿ ಅದು. ಆ ರಾಜ್ಯದಲ್ಲಿ ಇಂಥ ಕಾಲೇಜುಗಳು 116 ಇವೆ. ಮೊದಲೆರಡು ವರ್ಷದ ಫೀಸು ಕಡಿಮೆ ಬೀಳುತ್ತದೆ, ಅದಕ್ಕೇ ತಂಗಿ ಗಂಡ ಒಪ್ಪಿದ್ದು. ನವೆಂಬರ್‌ನಲ್ಲಿ ಪುಟ್ಟಿ ಹಲವು ಕ್ಯಾಂಪಸ್ಸುಗಳಿರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಟ್ರಾನ್ಸ್‌ಫರ್ ಅರ್ಜಿ ಹಾಕಿ, ಪರೀಕ್ಷೆ ಮುಗಿಸಿ, ರಜೆಗೆ ಮನೆಗೆ ಬಂದಿದ್ದಳು. ಬಂದ ಎರಡನೇ ದಿನವೇ ರಿಸಲ್ಟ್. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಮೊದಲ ಭಾಗಕ್ಕೆ ಸಿ ಗ್ರೇಡ್. ಎರಡನೇ ಭಾಗಕ್ಕೆ ಆಗಲೇ ಹೆಸರು ಕೊಟ್ಟಾಗಿತ್ತು. ಜನವರಿ ಕೊನೆಗೆ ಕ್ಲಾಸ್ ಶುರು.

ನಾನು ಕೊಡಗಿನ ಪಿಯು ಕಾಲೇಜುಗಳಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದವಳು. ಹಾಗಾಗಿ ತಂಗಿ ಫೋನ್ ಮಾಡಿ "ಅಕ್ಕಾ, ಬಂದು ಇವಳಿಗೆ ಸ್ವಲ್ಪ ಬುದ್ಧಿ ಹೇಳು" ಅಂದಳು. ಏನು ಬುದ್ಧಿ ಹೇಳಬೇಕು ಅಂತ ಮಾತ್ರ ಹೇಳಲಿಲ್ಲ. ಹೋಗಿ ನೋಡಿದರೆ ಮನೆಯಲ್ಲಿ ಮೂರು ಪಕ್ಷ. ತಂಗಿಗೆ ಇನ್ನೊಂದು ಸಿ ಬಂದರೆ ಸೀಟೇ ಹೋಗುತ್ತದೆ ಅನ್ನುವ ಭಯ, ಹಾಗಾಗಿ ಬಿಡಲಿ. ಅವಳ ಗಂಡನಿಗೆ, ಕ್ಲಾಸಿನ ತೂಕ ಅಳೆಯುವ ಒಂದು ಯೂನಿಟ್‌ಗೆ ಇಷ್ಟು ಡಾಲರ್ ಅಂದರೆ ಎಷ್ಟು ಮೂಟೆ ಕಾಫಿ ಅನ್ನುವ ಲೆಕ್ಕ, ಹಾಗಾಗಿ ಬಿಡಬಾರದು. ಪುಟ್ಟಿ ಮಾತ್ರ ಜಗಲಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಾ "ದೊಡ್ಡಮ್ಮ, ನಂಗೆ ಆಗಲ್ಲ" ಅಂದಳು. ಅಷ್ಟೇ.

ನಮ್ಮ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ ಅಲ್ವಾ? ಕಷ್ಟದ ಸಬ್ಜೆಕ್ಟ್ ಅಂತ ಬಿಡುವುದು ಹೇಗೆ? ಕಾಂಬಿನೇಷನ್ ತೆಗೆದುಕೊಂಡ ಮೇಲೆ ಮುಗಿಯಿತು. ಫೇಲಾದರೆ ಮತ್ತೆ ಕಟ್ಟಬೇಕು, ಪಾಸಾಗುವವರೆಗೆ ಕಟ್ಟುತ್ತಲೇ ಇರಬೇಕು. ಟ್ರಾನ್ಸ್‌ಫರ್ ಅಂದರೆ ಅಪ್ಪನಿಗೆ ಆಗುವಂಥದ್ದು, ಮಕ್ಕಳಿಗಲ್ಲ. ಹಾಗೆ ನೋಡಿದರೆ ಕೊಡಗಿನ ವಿದ್ಯಾರ್ಥಿಗಳು ಕೂತಲ್ಲೇ ಟ್ರಾನ್ಸ್‌ಫರ್ ಆದವರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಶುರುವಾಗುವವರೆಗೆ ನಮ್ಮ ಕಾಲೇಜುಗಳೆಲ್ಲ ಮೈಸೂರಿಗೆ ಸೇರಿದ್ದವು. ನನ್ನ ಸೀನಿಯರ್‌ಗಳ ಸರ್ಟಿಫಿಕೇಟ್ ಮೇಲೆ ಮೈಸೂರು, ನನ್ನದರ ಮೇಲೆ ಮಂಗಳೂರು. ಬೆಂಚು ಅದೇ, ಲ್ಯಾಬಿನ ಆ್ಯಸಿಡ್ ವಾಸನೆ ಅದೇ. ಈಗಿನ ಮಕ್ಕಳದ್ದು ಚಿಕ್ಕಅಳುವಾರದ ಕೊಡಗು ವಿಶ್ವವಿದ್ಯಾಲಯ. 2025ರಲ್ಲಿ ಅದನ್ನು ಮುಚ್ಚುವ ಮಾತೂ ಎದ್ದಿತ್ತು. ಇರಲಿ, ಅದು ಬೇರೆ ಕಥೆ.

ನಾನು ಮೊದಲು ಪುಟ್ಟಿಯ ಪ್ರಶ್ನೆಪತ್ರಿಕೆ ಕೇಳಿದೆ. ಯಾವುದನ್ನೇ ಆಗಲಿ, ಕಷ್ಟ ಅನ್ನುವ ಮಾತಿನ ಮೇಲೆ ಬಿಡಬಾರದು. ಯಾವ ಥರದ ಕಷ್ಟ ಅಂತ ನೋಡಬೇಕು. ಪಾಠವೇ ತಲೆಗೆ ಹತ್ತದಿರುವುದು ಒಂದು. ಹತ್ತುವಂಥದ್ದೇ ಆದರೂ ಕೂತು ಓದಲು ಹೊತ್ತಿಲ್ಲದಿರುವುದು ಇನ್ನೊಂದು. ಓದುವ ರೀತಿಯೇ ಸರಿಯಿಲ್ಲದಿರುವುದು ಮತ್ತೊಂದು. ಮೇಷ್ಟ್ರಿಗೂ ಮಗುವಿಗೂ ಹೊಂದದಿರುವುದೂ ಉಂಟು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ಇದು ಪೇಪರ್ ನೋಡಿದರೆ ಗೊತ್ತಾಗುತ್ತದೆ. ಎರಡು ಮಿಡ್‌ಟರ್ಮ್ ಪೇಪರ್‌ಗಳ ಫೋಟೋ ಅವಳ ಫೋನಿನಲ್ಲಿತ್ತು.

ಮೊದಲನೆಯದು ಚೆನ್ನಾಗಿಯೇ ಬರೆದಿದ್ದಳು. ಎರಡನೆಯದರಲ್ಲಿ ಕುಸಿದಿದ್ದಳು. ಎಸ್‌ಎನ್1, ಎಸ್‌ಎನ್2 ಅಂತ, ಅಣುವಿನ ಒಂದು ಭಾಗ ಹೋಗಿ ಬೇರೊಂದು ಬಂದು ಕೂರುವ ಕ್ರಿಯೆಗಳು ಬರುವ ಜಾಗ ಅದು. ನಮ್ಮ ದ್ವಿತೀಯ ಪಿಯುಸಿಯಲ್ಲೂ ಇವೆ, ಅವಳು ಓದಿಯೇ ಹೋಗಿದ್ದಾಳೆ. ಆದರೆ ಓದಿದ್ದು ಗೈಡ್ ಪುಸ್ತಕದ ಟೇಬಲ್ ಬಾಯಿಪಾಠ ಮಾಡಿ. ಅಲ್ಲಿಯ ಪ್ರಶ್ನೆ ಬೇರೆ ಥರ. ಕಂಡಿರದ ಒಂದು ಅಣುವನ್ನು ಕೊಟ್ಟು, ಎಲೆಕ್ಟ್ರಾನ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ಬಾಣ ಹಾಕಿ ತೋರಿಸು ಅಂತಾರೆ. ಇವಳು ಉತ್ಪನ್ನವನ್ನು ಮೊದಲು ಬರೆದು, ಆಮೇಲೆ ಅದಕ್ಕೆ ಹೊಂದುವ ಹಾಗೆ ಬಾಣ ಎಳೆದಿದ್ದಳು. ಅರ್ಧ ಕಡೆ ಬಾಣ ತಿರುಗಾಮುರುಗಾ. ಇದು ದಡ್ಡತನ ಅಲ್ಲ, ನಾವೇ ಕಲಿಸಿದ ಅಭ್ಯಾಸ. ನಮ್ಮ ಪರೀಕ್ಷೆಗಳಿಗೆ ಅದೇ ಸಾಕಿತ್ತು.

"ಲ್ಯಾಬ್ ಹೇಗೆ?" ಅಂದೆ. ಮುಖ ಸ್ವಲ್ಪ ಅರಳಿತು. ಟೀ ಬ್ಯಾಗಿನಿಂದ ಕೆಫೀನ್ ಬೇರ್ಪಡಿಸುವ ಪ್ರಯೋಗ ಅವಳಿಗೆ ಇಷ್ಟವಾಗಿತ್ತಂತೆ. ಇದನ್ನು ಕೇಳಿ ಅವಳ ಅಪ್ಪನಿಗೆ ಬೇಜಾರಾಯಿತು. ಕಾಫಿ ತೋಟದ ಹುಡುಗಿ ಹೋಗಿ ಹೋಗಿ ಟೀ ಪುಡಿ ಕುದಿಸಿದಳಾ ಅಂತ. ನಮ್ಮ ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇದೆ, ಅದನ್ನು ಕಳಿಸಬಹುದಿತ್ತು ಅಂತ ಅವರ ವಾದ. ಲ್ಯಾಬಲ್ಲಿ ಬಿ ಬಂದಿತ್ತು. ಕೈ ಚೆನ್ನಾಗಿದೆ ಅಂತಾಯಿತು.

ಇನ್ನೊಂದು ವಿಷಯ ಅವಳಾಗಿ ಹೇಳಲಿಲ್ಲ, ಕೆದಕಿದ ಮೇಲೆ ಬಂತು. ಕಾಲೇಜಿನ ಲೈಬ್ರರಿಯಲ್ಲಿ ವಾರಕ್ಕೆ 18 ಗಂಟೆ ಕೆಲಸ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಓದುವವರು ಕ್ಲಾಸು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಕೈಖರ್ಚಿಗೆ ಅಪ್ಪನನ್ನು ಕೇಳಬಾರದು ಅಂತ ಸೇರಿಕೊಂಡಿದ್ದಳು. ನಾಲ್ಕು ಕ್ಲಾಸು, ಲ್ಯಾಬ್ ರಿಪೋರ್ಟು, ಲೈಬ್ರರಿ, ಅಡುಗೆ. ಎರಡನೇ ಮಿಡ್‌ಟರ್ಮ್ ಹೊತ್ತಿಗೆ ಟ್ರಾನ್ಸ್‌ಫರ್ ಅರ್ಜಿಗೆ ಪ್ರಬಂಧ ಬರೆಯುವ ಕೆಲಸವೂ ಬಿದ್ದಿತ್ತು. ಇಷ್ಟೆಲ್ಲದರ ನಡುವೆ ಸಿ ತಂದಿದ್ದಾಳೆ. ನನಗೆ ಅದರಲ್ಲಿ ಅವಮಾನ ಏನೂ ಕಾಣಲಿಲ್ಲ.

ಇಲ್ಲಿವರೆಗೆ ಮೇಷ್ಟ್ರ ಕೆಲಸ. ಇನ್ನು ಗುಮಾಸ್ತರ ಕೆಲಸ. ನಿಜ ಹೇಳಬೇಕೆಂದರೆ ತೀರ್ಮಾನ ಆಗಿದ್ದು ಇಲ್ಲೇ. ತಂಗಿ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕಣದ ಮೇಲಿನ ಮೂಲೆಯಲ್ಲಿ ಮಾತ್ರ. ಅಲ್ಲೇ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಫಿ ಕೆರೆಯುವ ಹೆಂಗಸರ ಮಾತು ಕೇಳಿಸಿಕೊಳ್ಳುತ್ತಾ, ಲ್ಯಾಪ್‌ಟಾಪಿನಲ್ಲಿ ಒಂದೊಂದೇ ನಿಯಮ ಓದಿದೆವು.

ಅಲ್ಲಿ ಕ್ಲಾಸ್ ಬಿಡುವುದಕ್ಕೆ ಮೆಟ್ಟಿಲುಗಳಿವೆ. ಸೆಮಿಸ್ಟರ್ ಶುರುವಾಗುವ ಮೊದಲೇ ಬಿಟ್ಟರೆ ದುಡ್ಡೂ ವಾಪಸ್, ದಾಖಲೆಯಲ್ಲೂ ಏನೂ ಇರುವುದಿಲ್ಲ. ಶುರುವಿನ ಕೆಲವು ವಾರಗಳಲ್ಲಿ ಬಿಟ್ಟರೂ ಗುರುತು ಉಳಿಯುವುದಿಲ್ಲ, ದುಡ್ಡು ಮಾತ್ರ ಹೋಗಬಹುದು. ಅದಾದ ಮೇಲೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್ ಅನ್ನುವ ಅಂಕಪಟ್ಟಿ ಮೇಲೆ ಡಬ್ಲ್ಯೂ, ಅಂದರೆ ನಡುವೆ ಬಿಟ್ಟಿದ್ದಾಳೆ ಅಂತ ಬೀಳುತ್ತದೆ. ಸೆಮಿಸ್ಟರಿನ ಮುಕ್ಕಾಲು ಭಾಗ ದಾಟಿದರೆ ಅದೂ ಇಲ್ಲ, ಬಂದ ಗ್ರೇಡೇ ಗತಿ. ಡಬ್ಲ್ಯೂ ಬಿದ್ದರೆ ಜಿಪಿಎ, ಅಂದರೆ ಎಲ್ಲ ಗ್ರೇಡುಗಳ ಸರಾಸರಿ, ಇಳಿಯುವುದಿಲ್ಲ. ಆದರೆ ನೋಡುವವರ ಕಣ್ಣಿಗೆ ಬೀಳುತ್ತದೆ.

ಮತ್ತೊಂದು ನಿಯಮ ನನಗೆ ಆಶ್ಚರ್ಯ ತಂದಿತು. ಸಿ ಬಂದ ಕ್ಲಾಸನ್ನು ಇನ್ನೂ ಒಳ್ಳೆಯ ಗ್ರೇಡಿಗಾಗಿ ಮತ್ತೆ ತೆಗೆದುಕೊಳ್ಳುವ ಹಾಗಿಲ್ಲ. ಡಿ ಅಥವಾ ಎಫ್ ಬಂದರೆ, ಇಲ್ಲವೇ ಡಬ್ಲ್ಯೂ ಬಿದ್ದರೆ ಮಾತ್ರ ಮತ್ತೆ ಕೂರಬಹುದು. ನಮ್ಮಲ್ಲೇ ವಾಸಿ. 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಅಮೆರಿಕ ಅಂದರೆ ಎಲ್ಲವೂ ಸಡಿಲ ಅಂದುಕೊಂಡಿದ್ದೆ.

ಈಗ ಪುಟ್ಟಿಯ ಲೆಕ್ಕಕ್ಕೆ ಬನ್ನಿ. ಇಲ್ಲಿವರೆಗೆ ಮುಗಿಸಿದ್ದು 50 ಯೂನಿಟ್. ಟ್ರಾನ್ಸ್‌ಫರ್‌ಗೆ ಬೇಕಾಗಿರುವುದು 60. ಜಿಪಿಎ ನಾಲ್ಕಕ್ಕೆ 3.4. ಹೊರದೇಶದವರಿಗೆ ಕನಿಷ್ಠ 2.8 ಇರಬೇಕು ಅಂತ ನಿಯಮ, ಅದೇನೂ ತೊಂದರೆಯಿಲ್ಲ. ಬರುವ ಸೆಮಿಸ್ಟರಿಗೆ ಹೆಸರು ಕೊಟ್ಟಿದ್ದು 16 ಯೂನಿಟ್‌ಗೆ: ಆರ್ಗ್ಯಾನಿಕ್ 5, ಫಿಸಿಕ್ಸ್ 4, ಸ್ಟ್ಯಾಟಿಸ್ಟಿಕ್ಸ್ 4, ಸಿನಿಮಾ ಕುರಿತ ಒಂದು ಕ್ಲಾಸ್ 3. ಆರ್ಗ್ಯಾನಿಕ್ ಬಿಟ್ಟರೂ ಒಟ್ಟು 61 ಆಗುತ್ತದೆ, ಸಾಕು. ಪುಟ್ಟಿ ಹಿಡಿದುಕೊಂಡಿದ್ದ ಲೆಕ್ಕ ಇದೇ.

ಆದರೆ ಬಿಟ್ಟರೆ ಆ ಸೆಮಿಸ್ಟರಿನಲ್ಲಿ ಉಳಿಯುವುದು 11 ಯೂನಿಟ್. ಎಫ್-1 ವೀಸಾದವರು ಪ್ರತಿ ಸೆಮಿಸ್ಟರ್ ಕನಿಷ್ಠ 12 ಓದಲೇಬೇಕು. ಅದಕ್ಕಿಂತ ಕಡಿಮೆ ಮಾಡಬೇಕಾದರೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಿಂದ ಮೊದಲೇ ಅನುಮತಿ ಪಡೆಯಬೇಕು. ಬಿಟ್ಟ ಮೇಲೆ ಹೋಗಿ ಕೇಳಿದರೆ ವೀಸಾಕ್ಕೇ ಕುತ್ತು. ಅಂದರೆ ಇದನ್ನು ಬಿಟ್ಟು ಬೇರೊಂದನ್ನು ಹಿಡಿಯಬೇಕು. ಅದರಲ್ಲೂ ಆನ್‌ಲೈನ್ ಕ್ಲಾಸಿಗೆ ಮಿತಿ ಇದೆ, ಆ 12ರ ಲೆಕ್ಕಕ್ಕೆ ಆನ್‌ಲೈನ್ ಕ್ಲಾಸ್ ಸೇರುವುದು ಒಂದೇ ಒಂದು.

ಇಷ್ಟಾದರೂ ಬಿಡುವುದು ಅಸಾಧ್ಯ ಏನಲ್ಲ. ನನ್ನ ನಿಜವಾದ ಪ್ರಶ್ನೆ ಬೇರೆ ಇತ್ತು. ನೀನು ಹೋಗಬೇಕೆಂದಿರುವ ಕಡೆ ಈ ಕ್ಲಾಸಿಗಾಗಿ ಯಾರಾದರೂ ಕಾಯುತ್ತಿದ್ದಾರಾ?

ಅದನ್ನು ನೋಡಲು ಅಸಿಸ್ಟ್ ಅಂತ ಒಂದು ವೆಬ್‌ಸೈಟ್ ಇದೆ. ಯಾವ ಕಮ್ಯುನಿಟಿ ಕಾಲೇಜಿನ ಯಾವ ಕ್ಲಾಸು, ಯಾವ ಕ್ಯಾಂಪಸ್ಸಿನ ಯಾವ ಕ್ಲಾಸಿಗೆ ಸಮ ಅಂತ ಅಧಿಕೃತವಾಗಿ ಬರೆದಿಟ್ಟಿರುತ್ತಾರೆ. ಇಂಥದ್ದೊಂದು ನಮ್ಮಲ್ಲಿ ಇದ್ದಿದ್ದರೆ ಮೈಸೂರಿನಿಂದ ಮಂಗಳೂರಿಗೆ ಟಿಸಿ ಹಿಡಿದು ಓಡಾಡಿದ ಎಷ್ಟೋ ಮಕ್ಕಳ ಚಪ್ಪಲಿ ಉಳಿಯುತ್ತಿತ್ತು. ನಮ್ಮಲ್ಲೂ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಶುರುವಾಗಿದೆ. ಓದಿದ ಕ್ರೆಡಿಟ್ ಅಲ್ಲಿ ಜಮಾ ಆಗುತ್ತದೆ ಸರಿ, ಇದಕ್ಕೆ ಅದು ಸಮ ಅನ್ನುವ ಪಟ್ಟಿ ಬೇರೆ ಮಾತು.

ಪುಟ್ಟಿಗೆ ಬಹಳ ಆಸೆಯಿರುವ ಕ್ಯಾಂಪಸ್ಸಿನ ಪಟ್ಟಿ ತೆಗೆದೆವು. ಅವಳ ವಿಷಯ ಬಯೋಕೆಮಿಸ್ಟ್ರಿ. ಆರ್ಗ್ಯಾನಿಕ್ ಎರಡೂ ಭಾಗ ಕಡ್ಡಾಯದ ಸಾಲಿನಲ್ಲಿತ್ತು. ಅಷ್ಟೇ ಅಲ್ಲ. ಅವಳ ಕಾಲೇಜಿನಲ್ಲಿ ಸೆಮಿಸ್ಟರ್ ಪದ್ಧತಿ, ಆ ಕ್ಯಾಂಪಸ್ಸಿನಲ್ಲಿ ವರ್ಷವನ್ನು ಇನ್ನೂ ಚಿಕ್ಕ ಅವಧಿಗಳಾಗಿ ಒಡೆಯುವ ಕ್ವಾರ್ಟರ್ ಪದ್ಧತಿ. ಅವಳ ಕಾಲೇಜಿನ ಎರಡು ಭಾಗ ಸೇರಿದರೆ ಕ್ಯಾಂಪಸ್ಸಿನ ಮೂರು ಕ್ವಾರ್ಟರ್‌ಗೆ ಸಮ ಅಂತ ಒಟ್ಟಿಗೇ ಬರೆದಿದ್ದರು. ಒಂದೇ ಭಾಗ ಮುಗಿಸಿ ಹೋದರೆ ಅಲ್ಲಿ ನಡುವೆ ಎಲ್ಲೋ ಸಿಕ್ಕಿಕೊಂಡು, ಓದಿದ್ದನ್ನೇ ಮತ್ತೆ ಓದಬೇಕಾಗುವ ಸಂಭವವೇ ಜಾಸ್ತಿ. ಅದೂ ಅಲ್ಲಿನ ದುಬಾರಿ ಫೀಸಿನಲ್ಲಿ. ಇದನ್ನು ಕೇಳಿ ತಂಗಿ ಗಂಡ ಕಣದ ಕೆಳಗಿನಿಂದಲೇ "ಹೇಳಿದೆನಲ್ಲ!" ಅಂತ ಕೂಗಿದರು. ಅವರು ಹೇಳಿದ್ದು ಬೇರೆ ಕಾರಣಕ್ಕೆ. ಇರಲಿ.

ಅವಳ ಗೆಳತಿಯೊಬ್ಬಳು ಅದೇ ಕ್ಲಾಸನ್ನು ಆರಾಮಾಗಿ ಬಿಟ್ಟಿದ್ದಾಳಂತೆ. ಆಕೆಯ ವಿಷಯ ಸೈಕಾಲಜಿ, ಅವಳ ಪಟ್ಟಿಯಲ್ಲಿ ಆರ್ಗ್ಯಾನಿಕ್ ಇಲ್ಲ. ನಾನಾದರೂ ಅವಳಿಗೆ ಬಿಡು ಅಂತಲೇ ಹೇಳುತ್ತಿದ್ದೆ. ಕಷ್ಟವನ್ನು ಸುಮ್ನೆ ಹೊತ್ತುಕೊಂಡರೆ ಯಾರೂ ಮೆಡಲ್ ಕೊಡುವುದಿಲ್ಲ. ನಮ್ಮ ಮನೆಗಳಲ್ಲಿ ಇದನ್ನು ಒಪ್ಪುವವರು ಕಡಿಮೆ. ಕೈಗೆ ಹಿಡಿದದ್ದನ್ನು ಬಿಟ್ಟರೆ ಸೋತಂತೆ ಅನ್ನುವವರೇ ಎಲ್ಲ. ಆದರೆ ಪುಟ್ಟಿಯ ಪಟ್ಟಿಯಲ್ಲಿ ಅದು ಇದೆ. ಅಷ್ಟೇ ವ್ಯತ್ಯಾಸ.

ಹಾಗಾದರೆ ವಾರಕ್ಕೆ ಹೊತ್ತು ಎಲ್ಲಿಂದ ತರುವುದು? ಇಲ್ಲಿ ನನಗೊಂದು ಯೋಚನೆ ಬಂತು. ಎಲ್ಲರೂ ಕಷ್ಟದ ಕ್ಲಾಸನ್ನೇ ನೋಡುತ್ತಿದ್ದೇವೆ. ಸುಲಭದ್ದನ್ನು ಬಿಟ್ಟರೆ?

"ಸಿನಿಮಾ ಕ್ಲಾಸ್ ಯಾಕೆ ತಗೊಂಡೆ?"

"ದೊಡ್ಡಮ್ಮ, ಅದು ಗ್ಯಾರಂಟಿ ಎ! ಜಿಪಿಎ ಮೇಲೆ ಹೋಗುತ್ತೆ."

ಪೆನ್ನು ಕಾಗದ ತೆಗೆದುಕೊಂಡೆವು. 50 ಯೂನಿಟ್‌ಗೆ 3.4 ಇದ್ದರೆ, 3 ಯೂನಿಟ್‌ನ ಒಂದು ಎ ಸೇರಿದಾಗ ಆಗುವುದು 3.43. ಇಷ್ಟಕ್ಕೆ ವಾರಕ್ಕೆ ಮೂರು ಗಂಟೆ ಕ್ಲಾಸು, ಮೇಲೆ ಸಿನಿಮಾ ನೋಡಿ ಪ್ರಬಂಧ ಬರೆಯುವುದು. ಅದಕ್ಕಿಂತ ದೊಡ್ಡ ಮಾತು ಏನೆಂದರೆ, ಆ ಎ ಬರುವುದೇ ಮೇ ತಿಂಗಳಲ್ಲಿ. ಸೀಟು ಕೊಡುವ ತೀರ್ಮಾನ ಮಾರ್ಚ್‌, ಏಪ್ರಿಲ್‌ನಲ್ಲೇ ಆಗಿಬಿಡುತ್ತದೆ. ಅವರು ನೋಡುವುದು ಡಿಸೆಂಬರ್‌ವರೆಗಿನ ಗ್ರೇಡುಗಳನ್ನು. ಕೊನೆಯ ಸೆಮಿಸ್ಟರಿನ ಎ ಇಂದ ಸೀಟು ಸಿಗುವುದಿಲ್ಲ. ಆದರೆ ಅದೇ ಸೆಮಿಸ್ಟರಿನ ಡಿ ಇಂದ ಸಿಕ್ಕ ಸೀಟು ಹೋಗಬಹುದು. ಯಾಕೆಂದರೆ ಸೀಟು ಕೊಡುವಾಗಲೇ ಷರತ್ತು ಹಾಕುತ್ತಾರೆ, ಹೇಳಿದ ಕ್ಲಾಸುಗಳನ್ನೆಲ್ಲ ಮುಗಿಸಬೇಕು, ಸಿ ಗಿಂತ ಕೆಳಗೆ ಬರಬಾರದು, ಸರಾಸರಿಯೂ ಇಳಿಯಬಾರದು ಅಂತ.

ಪುಟ್ಟಿ ಬಹಳ ಹೊತ್ತು ಆ ಕಾಗದ ನೋಡಿದಳು. ಸಿನಿಮಾ ಕ್ಲಾಸ್ ಅವಳಿಗೆ ನಿಜವಾಗಿಯೂ ಇಷ್ಟ ಇತ್ತು, ಬರೀ ಗ್ರೇಡಿಗಾಗಿ ಅಲ್ಲ. ಅದನ್ನು ಬಿಡು ಅನ್ನುವಾಗ ನನಗೂ ಖುಷಿಯೇನೂ ಆಗಲಿಲ್ಲ. ಆದರೆ ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅದನ್ನು ತೆಗೆದರೆ ಉಳಿಯುವುದು 13 ಯೂನಿಟ್. ವೀಸಾಕ್ಕೆ ಸಾಕು. ಒಟ್ಟು 63. ಟ್ರಾನ್ಸ್‌ಫರ್‌ಗೂ ಸಾಕು. ಲೈಬ್ರರಿ ಕೆಲಸವನ್ನು ವಾರಕ್ಕೆ 8 ಗಂಟೆಗೆ ಇಳಿಸುವುದು ಅಂತಾಯಿತು. ಆ ಕೊರತೆ ತುಂಬುವ ವಿಷಯ ಅಪ್ಪ ಮಗಳ ನಡುವೆ ನಡೆಯಿತು. ನಾನು ಅಡುಗೆಮನೆಗೆ ಎದ್ದು ಹೋದೆ.

ಬಿಡುವುದಕ್ಕೂ ಒಂದು ಕ್ರಮ ಇದೆ. ನವೆಂಬರ್ ಅರ್ಜಿಯಲ್ಲಿ ಬರುವ ಸೆಮಿಸ್ಟರಿನ ಕ್ಲಾಸುಗಳ ಪಟ್ಟಿ ಕೊಟ್ಟಿರುತ್ತಾರೆ. ಅದರಲ್ಲಿ ಸಿನಿಮಾ ಕ್ಲಾಸ್ ಕೂಡ ಇತ್ತು. ಹಾಗಾಗಿ ಅದನ್ನು ತೆಗೆದಿದ್ದೂ ತಿಳಿಸಬೇಕು. ಜನವರಿ 31ರೊಳಗೆ ತುಂಬುವ ಟ್ರಾನ್ಸ್‌ಫರ್ ಅಕಾಡೆಮಿಕ್ ಅಪ್‌ಡೇಟ್ ಅನ್ನುವ ಫಾರಂ ಇದೆ, ಬಂದ ಗ್ರೇಡು, ಬದಲಾದ ಕ್ಲಾಸು ಎರಡನ್ನೂ ಅದರಲ್ಲಿ ಹಾಕುತ್ತಾರೆ. ಪುಟ್ಟಿಯಿಂದ ಮೊದಲು ಕೌನ್ಸೆಲರ್‌ಗೆ, ಅಂತರರಾಷ್ಟ್ರೀಯ ಕಚೇರಿಗೆ ಮೇಲ್ ಬರೆಸಿದೆ. ಉತ್ತರ ಬರುವವರೆಗೆ ಡ್ರಾಪ್ ಬಟನ್ ಮುಟ್ಟಬೇಡ ಅಂದೆ. ಅವರಿಗೂ ರಜೆ, ಉತ್ತರ ಬರಲು ಹೊಸ ವರ್ಷ ಕಳೆಯಿತು. ಸೀಟು ಸಿಕ್ಕ ಮೇಲೆ ಏನನ್ನಾದರೂ ಬಿಡಬೇಕೆನಿಸಿದರೆ ಆಗ ಕ್ಯಾಂಪಸ್ಸನ್ನೇ ಕೇಳಬೇಕು, ಬಿಟ್ಟು ಆಮೇಲೆ ಹೇಳುವ ಹಾಗಿಲ್ಲ. ಈ ಮಾತನ್ನು ಅವಳ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆಸಿದ್ದೇನೆ.

ಉಳಿದ ರಜೆಯಲ್ಲಿ ಸಂಜೆ ಹೊತ್ತು ಪಾಠ. ಕಿತ್ತಳೆ ಸಿಪ್ಪೆ ಹಿಂಡಿ ಮೂಸಿ ನೋಡು ಅಂದೆ, ಆ ವಾಸನೆ ಲಿಮೊನೀನ್ ಅನ್ನುವ ಅಣುವಿನದು, ಅದಕ್ಕೆ ಬಲಗೈ ಎಡಗೈ ಎರಡು ರೂಪ ಇದೆ, ಕಿತ್ತಳೆಯಲ್ಲಿರುವುದು ಬಲಗೈಯದು. ಅಲ್ಲಿಂದ ಶುರು ಮಾಡಿ ಎರಡನೇ ಭಾಗದ ಆಲ್ಡಿಹೈಡ್, ಕೀಟೋನ್‌ವರೆಗೆ ಬಂದೆವು. ಅಲ್ಡಾಲ್, ಕ್ಯಾನಿಜಾರೊ, ಹೆಸರೆಲ್ಲ ಅವಳಿಗೆ ಪಿಯುಸಿಯಿಂದ ನೆನಪಿತ್ತು. ಬಾಣ ಮಾತ್ರ ಹೊಸದಾಗಿ ಕಲಿಯಬೇಕಾಯಿತು. ಉತ್ಪನ್ನ ಬರೆಯುವ ಹಾಗಿಲ್ಲ, ಮೊದಲು ಎಲೆಕ್ಟ್ರಾನ್ ಜಾಸ್ತಿ ಇರುವ ಜಾಗಕ್ಕೆ ಬೆರಳಿಡಬೇಕು ಅಂತ ಕರಾರು. ಕರೆಂಟ್ ಹೋದಾಗ ಎಮರ್ಜೆನ್ಸಿ ಲ್ಯಾಂಪ್. ಬಹಳ ವರ್ಷದ ಮೇಲೆ ಪಾಠ ಮಾಡಿದ್ದು, ನನಗೂ ಕೆಲವು ಕಡೆ ಪುಸ್ತಕ ತೆಗೆದು ನೋಡಬೇಕಾಯಿತು.

ಈಗ ಅವಳು ಅಲ್ಲಿದ್ದಾಳೆ, ಕ್ಲಾಸು ಶುರುವಾಗಿದೆ. ನಮಗೂ ಅವರಿಗೂ ಹದಿಮೂರೂವರೆ ಗಂಟೆ ವ್ಯತ್ಯಾಸ. ನನ್ನ ಬೆಳಗಿನ ಕಾಫಿ ಹೊತ್ತಿಗೆ ಅವಳ ಹಿಂದಿನ ದಿನದ ಸಂಜೆ. ಆಗ ಫೋಟೋ ತೆಗೆದು ಪ್ರಶ್ನೆ ಕಳಿಸುತ್ತಾಳೆ. ಮೊದಲ ಮಿಡ್‌ಟರ್ಮ್ ಇನ್ನೂ ಆಗಿಲ್ಲ. ಸೀಟಿನ ಸುದ್ದಿ ಬರುವುದು ಏಪ್ರಿಲ್ ಹೊತ್ತಿಗೆ. ಸಿನಿಮಾ ಕ್ಲಾಸಿನ ಫೀಸು ಮಾತ್ರ ಪೂರ್ತಿ ವಾಪಸ್ ಬಂದಿದೆ. ಮೊನ್ನೆ ರೋಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲೂ ತಂಗಿ ಗಂಡ ಅದಕ್ಕಾಗಿಯೇ ಫೋನ್ ಮಾಡಿದ್ದರು. "ಅಕ್ಕಾ, ನೀವು ಹೇಳಿದ್ದು ಒಳ್ಳೆಯದೇ ಆಯ್ತು. ಆ ಸ್ಟ್ಯಾಟಿಸ್ಟಿಕ್ಸೂ ಬಿಡೋಕೆ ಆಗುತ್ತಾ ನೋಡಿ."